ಪವರ್ ಸ್ಟೀರಿಂಗ್ ಸದ್ದು ಮಾಡ್ತಿದೆಯಾ? ಪಂಪ್ ಬದಲಿಸುವ ಮೊದಲು ಇಷ್ಟು ನೋಡಿ

ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸುವಾಗ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ‘ಗುಂಯ್’ ಅಂತ ಸದ್ದು ಬರುತ್ತಿದೆಯಾ? ಬೆಂಗಳೂರಿನಲ್ಲಿ ಬಹಳ ಜನ ಈ ತೊಂದರೆಯನ್ನು ಮೊದಲು ಗಮನಿಸುವುದೇ ಅಲ್ಲಿ. ರಸ್ತೆಯ ಗದ್ದಲದಲ್ಲಿ ಕೇಳಿಸದ ಸದ್ದು ಗೋಡೆಗಳ ನಡುವೆ ಜೋರಾಗಿ ಕೇಳಿಸುತ್ತದೆ. ಗ್ಯಾರೇಜಿಗೆ ಹೋದರೆ ‘ಪಂಪ್ ಹೋಗಿದೆ ಸಾರ್’ ಅನ್ನುವ ಉತ್ತರ ಬೇಗ ಸಿಗುತ್ತದೆ. ಪಂಪ್ ಹೋಗಿರಲೂಬಹುದು. ಆದರೆ ಪಂಪ್ ಕೂಗುವುದಕ್ಕೆ ಕಾರಣ ಎಷ್ಟೋ ಸಲ ಪಂಪಿನ ಹೊರಗೇ ಇರುತ್ತದೆ. ಆಯಿಲ್ ಕಡಿಮೆಯಾಗಿರುತ್ತದೆ, ಪೈಪಿನ ಕ್ಲಿಪ್ ಸಡಿಲವಾಗಿರುತ್ತದೆ, ಆಯಿಲ್ ಡಬ್ಬಿಯೊಳಗಿನ ಜಾಲರಿ ಕಟ್ಟಿಕೊಂಡಿರುತ್ತದೆ, ಬೆಲ್ಟ್ ಸವೆದಿರುತ್ತದೆ. ಇವನ್ನು ನೋಡದೆ ಹೊಸ ಪಂಪ್ ಹಾಕಿಸಿದರೆ ಆ ಪಂಪೂ ಅದೇ ತೊಂದರೆಗೆ ಸಿಕ್ಕಿ ಹಾಳಾಗುತ್ತದೆ. ಹಾಗಾಗಿ ಕಡಿಮೆ ಖರ್ಚಿನ ಕಾರಣದಿಂದ ಶುರುಮಾಡಿ ದುಬಾರಿ ಕಾರಣದ ಕಡೆಗೆ ಹೋಗೋಣ. ಇದರಲ್ಲಿ ಹೆಚ್ಚಿನದ್ದು ನೀವೇ ಮನೆ ಮುಂದೆ ನೋಡಿ ತಿಳಿಯಬಹುದಾದದ್ದು.

ನಿಮ್ಮ ಕಾರು ಯಾವ ಬಗೆಯದು?

ಬಾನೆಟ್ ಎತ್ತಿ. ಸ್ಟೀರಿಂಗ್ ಚಕ್ರದ ಚಿತ್ರವೋ ‘ಪವರ್ ಸ್ಟೀರಿಂಗ್’ ಎಂಬ ಬರಹವೋ ಇರುವ ಮುಚ್ಚಳದ ಚಿಕ್ಕ ಡಬ್ಬಿ ಕಂಡರೆ ನಿಮ್ಮದು ಆಯಿಲ್ ಮೇಲೆ ನಡೆಯುವ ಹೈಡ್ರಾಲಿಕ್ ಸ್ಟೀರಿಂಗ್. ಕ್ವಾಲಿಸ್, ಇನ್ನೋವಾ, ಕ್ರಿಸ್ಟಾ, ಹಳೆಯ ಸ್ಕಾರ್ಪಿಯೊ, ಪವರ್ ಸ್ಟೀರಿಂಗ್ ಇರುವ ಇಂಡಿಕಾ ಎಲ್ಲ ಈ ಗುಂಪು. ಅಂಥ ಡಬ್ಬಿಯೇ ಇಲ್ಲದಿದ್ದರೆ ನಿಮ್ಮದು ಎಲೆಕ್ಟ್ರಿಕ್ ಸ್ಟೀರಿಂಗ್. ಸ್ವಿಫ್ಟ್, ವ್ಯಾಗನ್ ಆರ್‌ನಂಥ ಕಾರುಗಳಲ್ಲಿ ಇರುವುದು ಇದು. ಈಗ ಹೊಸದಾಗಿ ಬರುವ ಕಾರುಗಳಲ್ಲಿ ಬಹುಪಾಲು ಇದೇ. ಡಬ್ಬಿ ಇದ್ದೂ ಪಂಪನ್ನು ಬೆಲ್ಟಿನ ಬದಲು ಕರೆಂಟ್ ಮೋಟರ್ ತಿರುಗಿಸುವ ಕಾರುಗಳೂ ಇವೆ. ಅವಕ್ಕೆ ಕೆಳಗಿನ ಆಯಿಲ್ ವಿಷಯ ಎಲ್ಲ ಹೊಂದುತ್ತದೆ, ಬೆಲ್ಟಿನ ಭಾಗ ಬಿಟ್ಟುಬಿಡಿ.

ಎಲೆಕ್ಟ್ರಿಕ್ ಆದರೆ ಆಯಿಲ್ ಹುಡುಕಬೇಡಿ, ಅದರಲ್ಲಿ ಆಯಿಲ್ ಇರುವುದಿಲ್ಲ. ಅದರ ಸದ್ದುಗಳ ಬಗ್ಗೆ ಕೊನೆಯ ಹೊತ್ತಿಗೆ ಹೇಳುತ್ತೇನೆ.

ಹೈಡ್ರಾಲಿಕ್ ಸ್ಟೀರಿಂಗ್ ಹೇಗೆ ಕೆಲಸ ಮಾಡುತ್ತದೆ ಎಂದು ಒಂದು ಸಲ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಇಂಜಿನ್ನಿನ ಬೆಲ್ಟ್ ಪಂಪನ್ನು ತಿರುಗಿಸುತ್ತದೆ. ಪಂಪ್ ಡಬ್ಬಿಯಿಂದ ಆಯಿಲ್ ಎಳೆದುಕೊಂಡು ದಪ್ಪ ಪೈಪಿನ ಮೂಲಕ, ಮುಂದಿನ ಚಕ್ರಗಳನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಸ್ಟೀರಿಂಗ್ ರ‍್ಯಾಕ್‌ಗೆ ಒತ್ತುತ್ತದೆ. ನೀವು ಯಾವ ಕಡೆ ತಿರುಗಿಸುತ್ತೀರೋ ಆ ಕಡೆಗೆ ಆ ಒತ್ತಡ ಚಕ್ರಗಳನ್ನು ತಳ್ಳಲು ನೆರವಾಗುತ್ತದೆ. ಆಮೇಲೆ ಆಯಿಲ್ ಇನ್ನೊಂದು ಪೈಪಿನಲ್ಲಿ ಡಬ್ಬಿಗೆ ವಾಪಸ್ ಬರುತ್ತದೆ. ಟೈರಿನೊಳಗಿನ ಗಾಳಿಯ ಒತ್ತಡ ಸುಮಾರು 2 ಬಾರ್ ಅಲ್ವಾ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಈ ಪೈಪಿನೊಳಗಿನ ಒತ್ತಡ 70 ಬಾರ್ ದಾಟಬಹುದು. ಇಂಜಿನ್ ಓಡುತ್ತಿರುವಾಗ ದಪ್ಪ ಪೈಪಿನ ನಟ್ ಸಡಿಲಿಸಬಾರದು ಎನ್ನುವುದು ಇದಕ್ಕೇ.

ಸದ್ದು ಯಾವಾಗ ಬರುತ್ತದೆ?

ಸ್ಪ್ಯಾನರ್ ಹಿಡಿಯುವ ಮೊದಲು ಕಿವಿಗೆ ಕೆಲಸ ಕೊಡಿ. ಭಾನುವಾರ ಬೆಳಿಗ್ಗೆ ಗಾಡಿಗಳ ಓಡಾಟ ಶುರುವಾಗುವ ಮೊದಲು ಒಂದು ಖಾಲಿ ರಸ್ತೆ ನೋಡಿಕೊಳ್ಳಿ. ಎಸಿ, ಹಾಡು ಎಲ್ಲ ನಿಲ್ಲಿಸಿ, ಕಿಟಕಿ ಇಳಿಸಿ. ಮನೆಯವರೊಬ್ಬರು ಒಳಗೆ ಕೂತು ಸ್ಟೀರಿಂಗ್ ತಿರುಗಿಸಲಿ, ನೀವು ಹೊರಗೆ ನಿಂತು ಕೇಳಿ. ಹ್ಯಾಂಡ್ ಬ್ರೇಕ್ ಎಳೆದಿರಬೇಕು, ಗೇರ್ ನ್ಯೂಟ್ರಲ್‌ನಲ್ಲಿರಬೇಕು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಿರಬೇಕು. ಮಲ್ಲೇಶ್ವರದ ಕ್ರಾಸ್‌ಗಳಂಥ ಇಳಿಜಾರು ರಸ್ತೆಯಲ್ಲಿ ಈ ಕೆಲಸಕ್ಕೆ ಇಳಿಯಲೇಬೇಡಿ.

‘ಗುಂಯ್’ ಅಂತ ಶುರುವಾಗಿ, ಆಕ್ಸಿಲರೇಟರ್ ಒತ್ತಿದಂತೆ ಏರುತ್ತ ಹೋಗುವ, ಸ್ಟೀರಿಂಗ್ ತಿರುಗಿಸಿದರೆ ಜಾಸ್ತಿಯಾಗುವ ಸದ್ದು ಪಂಪಿನದು. ಆಯಿಲ್ ಕಡಿಮೆ ಇದ್ದರೆ, ಆಯಿಲಿನಲ್ಲಿ ಗಾಳಿ ಸೇರಿದ್ದರೆ, ಅಥವಾ ಪಂಪಿಗೆ ಬೇಕಾದಷ್ಟು ಆಯಿಲ್ ಬರದಿದ್ದರೆ ಹೀಗಾಗುತ್ತದೆ.

‘ಕೀಚ್’ ಎಂದು ಕಿರುಚಿ, ಸ್ಟೀರಿಂಗ್ ಬಿಟ್ಟ ಕೂಡಲೇ ನಿಲ್ಲುವುದು ಬೆಲ್ಟ್ ಜಾರುವ ಸದ್ದು. ಮಳೆ ಬಂದ ದಿನ, ನೀರು ನಿಂತ ಅಂಡರ್‌ಪಾಸ್ ದಾಟಿ ಬಂದ ಮೇಲೆ ಜಾಸ್ತಿಯಾದರೆ ಅನುಮಾನವೇ ಬೇಡ.

ಸ್ಟೀರಿಂಗ್ ಕೊನೆಯವರೆಗೆ ತಿರುಗಿಸಿ ಹಿಡಿದಾಗ ಮಾತ್ರ ಬರುವ ‘ಸುಯ್’ ಎನ್ನುವ ಸದ್ದು ರೋಗವಲ್ಲ. ಒತ್ತಡ ಮಿತಿ ದಾಟದಂತೆ ಪಂಪಿನೊಳಗಿನ ವಾಲ್ವ್ ತೆರೆದುಕೊಳ್ಳುವ ಸದ್ದು ಅದು. ಆದರೆ ಹಾಗೆ ಐದು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ, ಆಯಿಲ್ ಬೇಗ ಕಾಯುತ್ತದೆ. ಇಕ್ಕಟ್ಟಾದ ಪಾರ್ಕಿಂಗ್‌ನಲ್ಲಿ ಕೊನೆಗೆ ತಾಗಿದ ಮೇಲೆ ಕೂದಲೆಳೆಯಷ್ಟು ವಾಪಸ್ ಬಿಟ್ಟರೂ ಸಾಕು, ಸದ್ದು ನಿಲ್ಲುತ್ತದೆ.

ಡಿಸೆಂಬರ್, ಜನವರಿಯ ಚಳಿ ಬೆಳಗಿನಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ ಆಮೇಲೆ ಸುಮ್ಮನಾದರೆ ಆಯಿಲ್ ಹಳೆಯದಾಗಿದೆ ಅಥವಾ ಜಾಲರಿ ಅರ್ಧ ಕಟ್ಟಿಕೊಂಡಿದೆ ಎಂದುಕೊಳ್ಳಬಹುದು. ತಣ್ಣಗಿರುವಾಗ ಆಯಿಲ್ ಗಟ್ಟಿ, ಪಂಪಿಗೆ ಎಳೆಯುವುದು ಕಷ್ಟ. ಬಿಸಿಯಾದಂತೆ ತೆಳ್ಳಗಾಗಿ ಹರಿಯುತ್ತದೆ.

‘ಟಕ್ ಟಕ್’, ‘ಕಟ ಕಟ’, ‘ಕಿರ್’ ಎನ್ನುವ ಸದ್ದುಗಳಿಗೂ ಆಯಿಲಿಗೂ ಸಂಬಂಧ ಬಹಳ ಕಡಿಮೆ. ಅವು ಚಕ್ರದ ಕಡೆಯವು. ಒಂದು ಸುಲಭದ ಪರೀಕ್ಷೆ ಇದೆ: ಇಂಜಿನ್ ಆಫ್ ಮಾಡಿ, ಕೀ ತಿರುಗಿಸಿ ಸ್ಟೀರಿಂಗ್ ಲಾಕ್ ಬಿಡಿಸಿ, ಆ ಕಡೆ ಈ ಕಡೆ ಸ್ವಲ್ಪ ಅಲ್ಲಾಡಿಸಿ. ಇಂಜಿನ್ ಇಲ್ಲದೆಯೂ ಸದ್ದು ಬಂದರೆ ಪಂಪ್, ಬೆಲ್ಟ್ ಎರಡನ್ನೂ ಮರೆತು ಸೀದಾ ‘ಟಕ್ ಟಕ್’ ಭಾಗಕ್ಕೆ ಹೋಗಿ.

ಡಬ್ಬಿಯೊಳಗೆ ಏನಿದೆ ನೋಡಿ

ಪಂಪಿನ ಸದ್ದೇ ಎಂದು ಖಚಿತವಾದರೆ ಮೊದಲ ಕೆಲಸ ಇದು. ಕಾರು ಸಮತಟ್ಟಾದ ಜಾಗದಲ್ಲಿರಲಿ, ಇಂಜಿನ್ ಆಫ್ ಆಗಿರಲಿ. ಡಬ್ಬಿಯ ಸುತ್ತ ಇರುವ ಧೂಳನ್ನು ಬಟ್ಟೆಯಿಂದ ಒರೆಸಿ, ಆಮೇಲೆ ಮುಚ್ಚಳ ತೆಗೆಯಿರಿ. ಒಂದು ಚಿಟಿಕೆ ಮಣ್ಣು ಒಳಗೆ ಬಿದ್ದರೂ ಅದು ಪಂಪಿಗೆ ಹೋಗುತ್ತದೆ. ಡಬ್ಬಿಯ ಮೇಲೆ ಅಥವಾ ಮುಚ್ಚಳದ ಕಡ್ಡಿಯ ಮೇಲೆ ಕೆಳಗಿನ ಗೆರೆ, ಮೇಲಿನ ಗೆರೆ ಇರುತ್ತವೆ. ಕೆಲವು ಕಾರುಗಳಲ್ಲಿ ತಣ್ಣಗಿದ್ದಾಗ ಒಂದು, ಬಿಸಿಯಿದ್ದಾಗ ಒಂದು ಎಂದು ಬೇರೆ ಬೇರೆ ಗೆರೆ. ಯಾವುದನ್ನು ನೋಡುತ್ತಿದ್ದೀರಿ ಎನ್ನುವುದು ಗೊತ್ತಿರಬೇಕು.

ಮಟ್ಟಕ್ಕಿಂತ ಬಣ್ಣ ಜಾಸ್ತಿ ವಿಷಯ ಹೇಳುತ್ತದೆ. ಒಂದು ಬಿಳಿ ಟಿಶ್ಯೂ ಮೇಲೆ ಒಂದು ಹನಿ ಹಾಕಿ ನೋಡಿ. ಕೆಂಪು ಅಥವಾ ತಿಳಿ ಜೇನಿನ ಬಣ್ಣ ಇದ್ದರೆ ಒಳ್ಳೆಯದು. ಕಂದು ಬಣ್ಣಕ್ಕೆ ತಿರುಗಿದ್ದರೆ ಬದಲಿಸುವ ಕಾಲ ಬಂದಿದೆ. ಕಪ್ಪಾಗಿ, ಸುಟ್ಟ ವಾಸನೆ ಬಂದರೆ ಆಯಿಲ್ ಚೆನ್ನಾಗಿ ಕಾದು ಹಾಳಾಗಿದೆ. ಕಪ್ಪು ಪುಡಿ ಕಂಡರೆ ಪೈಪಿನ ಒಳಗಿನ ರಬ್ಬರ್ ಅಥವಾ ಆಯಿಲ್ ಸೋರದಂತೆ ತಡೆಯುವ ಸೀಲ್ ಉದುರುತ್ತಿದೆ. ಬೆಳ್ಳಿಯ ಹಾಗೆ ಮಿನುಗುವ ಕಣಗಳಿದ್ದರೆ ಪಂಪ್ ಒಳಗೆ ಸವೆಯುತ್ತಿದೆ, ಆಗ ಪಂಪಿನ ಖರ್ಚಿಗೆ ತಯಾರಾಗಿರಿ. ನೊರೆ ನೊರೆಯಾಗಿದ್ದರೆ ಗಾಳಿ ಸೇರಿದೆ. ಈ ನೊರೆಯೇ ಬಹುತೇಕ ಸದ್ದುಗಳ ಮೂಲ.

ಆಯಿಲ್ ಕಡಿಮೆ ಇದ್ದರೆ ಯಾವುದನ್ನು ತುಂಬಬೇಕು? ಮುಚ್ಚಳದ ಮೇಲೆ ಏನು ಬರೆದಿದೆಯೋ ಅದನ್ನು. ಇಲ್ಲವಾದರೆ ಕಾರಿನ ಪುಸ್ತಕ ನೋಡಿ. ಟೊಯೊಟಾ ಸೇರಿದಂತೆ ಅನೇಕ ಕಾರುಗಳಿಗೆ ಡೆಕ್ಸ್‌ರಾನ್ ಬಗೆಯ ಎಟಿಎಫ್ ಸಾಕು, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಕೆಂಪು ಆಯಿಲ್. ಹೈಡ್ರಾಲಿಕ್ ಸ್ಟೀರಿಂಗಿನ ಹಳೆಯ ಹೋಂಡಾ ಕಾರುಗಳಿಗೆ ಹೋಂಡಾದ್ದೇ ಬೇರೆ ಆಯಿಲ್ ಬೇಕು. ಜರ್ಮನಿಯ ಹಲವು ಕಾರುಗಳಿಗೆ ಹಸಿರು ಬಣ್ಣದ ಸಿಎಚ್‌ಎಫ್ ಆಯಿಲ್. ಹಸಿರಿನ ಜೊತೆ ಕೆಂಪು ಬೆರೆಸಬೇಡಿ. ಎಲ್ಲಕ್ಕಿಂತ ಮುಖ್ಯ, ಬ್ರೇಕ್ ಆಯಿಲ್ ಅಪ್ಪಿತಪ್ಪಿಯೂ ಹಾಕಬೇಡಿ. ಅದು ಈ ಸೀಲುಗಳ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ. ಪಂಪ್, ರ‍್ಯಾಕ್, ಪೈಪ್ ಮೂರೂ ಒಟ್ಟಿಗೆ ಹೋಗುತ್ತವೆ. ಡಬ್ಬಿಗಳು ಅಕ್ಕಪಕ್ಕ ಇರುವ ಕಾರುಗಳಲ್ಲಿ ಅವಸರಕ್ಕೆ ಹೀಗಾಗುವುದುಂಟು, ಅದಕ್ಕೇ ಮುಚ್ಚಳ ಎರಡು ಸಲ ಓದಿ. ಬ್ರೇಕ್ ಆಯಿಲ್ ಬಿದ್ದಿದೆ ಎಂದು ಗೊತ್ತಾದ ಕೂಡಲೇ ಇಂಜಿನ್ ಸ್ಟಾರ್ಟ್ ಮಾಡದೆ ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ಹೋಗಿ.

ಆಯಿಲ್ ಎಲ್ಲಿಗೆ ಹೋಯಿತು?

ಇದು ಮುಚ್ಚಿದ ವ್ಯವಸ್ಥೆ. ಪೆಟ್ರೋಲಿನ ಹಾಗೆ ಉರಿದು ಖಾಲಿಯಾಗುವ ಮಾತಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ತುಂಬಿಕೊಂಡು ಓಡಿಸುವವರನ್ನು ತುಂಬಾ ನೋಡುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ. ತುಂಬುವ ಎರಡು ಸಲದ ನಡುವೆ ಪಂಪ್ ಗಾಳಿ ಕುಡಿಯುತ್ತಿರುತ್ತದೆ, ಸವೆಯುತ್ತಿರುತ್ತದೆ. ಸೋರಿದ ಆಯಿಲ್ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಹೊಗೆ, ಕೆಲವೊಮ್ಮೆ ಬೆಂಕಿಯೂ ಆಗಬಹುದು.

ರಾತ್ರಿ ಕಾರಿನ ಮುಂಭಾಗದ ಕೆಳಗೆ ದೊಡ್ಡ ರಟ್ಟು ಹಾಸಿ. ಬೆಳಿಗ್ಗೆ ಕಲೆ ಎಲ್ಲಿದೆ ನೋಡಿ. ಎಸಿಯಿಂದ ಬಿದ್ದ ನೀರು ಆರಿಹೋಗುತ್ತದೆ, ಆಯಿಲ್ ಕಲೆ ಉಳಿಯುತ್ತದೆ. ಆಮೇಲೆ ಟಾರ್ಚ್ ಹಿಡಿದು ಒಂದೊಂದೇ ಜಾಗ ನೋಡುತ್ತ ಬನ್ನಿ. ಡಬ್ಬಿಗೆ ಸೇರುವ ಪೈಪಿನ ಕ್ಲಿಪ್, ಪಂಪಿನ ಪುಲ್ಲಿಯ (ಬೆಲ್ಟ್ ಸುತ್ತುವ ಗಾಲಿಯ) ಹಿಂದೆ, ದಪ್ಪ ಪೈಪಿನಲ್ಲಿ ರಬ್ಬರ್ ಮತ್ತು ಕಬ್ಬಿಣ ಸೇರುವ ಜಾಗ, ಕೊನೆಗೆ ರ‍್ಯಾಕ್.

ರ‍್ಯಾಕ್ ನೋಡುವುದಕ್ಕೆ ಒಂದು ಉಪಾಯ ಇದೆ. ಅದರ ಎರಡೂ ತುದಿಗೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್ ಇರುತ್ತದೆ. ಸ್ಟೀರಿಂಗನ್ನು ಒಂದು ಕಡೆಗೆ ತಿರುಗಿಸಿ, ಇಂಜಿನ್ ಆಫ್ ಮಾಡಿ, ಚಕ್ರದ ಸಂದಿಯಿಂದ ಕೈ ಹಾಕಿ ಆ ಬೂಟನ್ನು ಒತ್ತಿ. ಒಳಗೆ ಒಣಗಿರಬೇಕು. ಪಿಚಕ್ ಪಿಚಕ್ ಎಂದು ಆಯಿಲ್ ತುಂಬಿದ ಹಾಗೆ ಅನಿಸಿದರೆ ರ‍್ಯಾಕಿನ ಸೀಲ್ ಹೋಗಿದೆ. ನೆಲಕ್ಕೆ ಒಂದು ಹನಿಯೂ ಬೀಳದೆ ಆಯಿಲ್ ಮಾಯವಾಗುತ್ತಿದೆ ಎನ್ನುವವರ ಕಾರಿನಲ್ಲಿ ಆಯಿಲ್ ಸಿಗುವ ಜಾಗ ಇದೇ. ಬೂಟ್ ಹರಿದಿದ್ದರೆ ಅದನ್ನು ಬೇಗ ಬದಲಿಸಿ. ರಸ್ತೆಯ ಕೆಸರು, ಮರಳು ಒಳಗೆ ಹೋದರೆ ರ‍್ಯಾಕಿನ ಕಡ್ಡಿ ಗೀರಿ, ಸೀಲ್ ಹರಿಯುತ್ತದೆ. ಬೂಟಿಗೆ ಆಗುವುದು ಸಣ್ಣ ಖರ್ಚು, ರ‍್ಯಾಕಿಗೆ ಆಗುವುದು ಸಾವಿರಗಳ ಲೆಕ್ಕ.

ಸೋರದೆಯೇ ಗಾಳಿ ಸೇರುವ ಜಾಗ

ಎಷ್ಟೋ ಮೆಕ್ಯಾನಿಕ್‌ಗಳೂ ಮರೆಯುವ ಜಾಗ ಇದು. ಡಬ್ಬಿಯಿಂದ ಪಂಪಿಗೆ ಹೋಗುವ ಪೈಪಿನಲ್ಲಿ ಒತ್ತಡ ಇರುವುದಿಲ್ಲ, ಎಳೆತ ಇರುತ್ತದೆ. ಅಲ್ಲಿ ಕ್ಲಿಪ್ ಸಡಿಲವಾದರೆ ಅಥವಾ ಪಂಪಿಗೆ ಸೇರುವ ಕಡೆಯ ರಬ್ಬರ್ ಉಂಗುರ ಗಟ್ಟಿಯಾಗಿ ಬಿರುಕು ಬಿಟ್ಟರೆ ಆಯಿಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಸೋರಿಕೆ ಇಲ್ಲ, ಮಟ್ಟ ಸರಿಯಾಗಿದೆ, ಆದರೂ ಡಬ್ಬಿ ತುಂಬ ನೊರೆ, ಪಂಪ್ ತುಂಬ ಸದ್ದು. ಗಾಳಿ ಗುಳ್ಳೆಗಳು ಪಂಪಿನೊಳಗೆ ಒತ್ತಡಕ್ಕೆ ಸಿಕ್ಕಿ ಒಡೆಯುತ್ತವೆ. ಆ ಏಟಿಗೆ ಲೋಹದ ಮೇಲೆ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಹೀಗೆ ಹೊಚ್ಚ ಹೊಸ ಪಂಪೂ ಹಾಳಾಗಬಹುದು.

ಪರೀಕ್ಷೆ ಹೀಗೆ ಮಾಡಿ. ಇಂಜಿನ್ ಆಫ್ ಇರುವಾಗಲೇ ಆ ಎರಡೂ ಜೋಡಣೆಗಳ ಸುತ್ತ ಗ್ರೀಸ್ ದಪ್ಪಗೆ ಮೆತ್ತಿ. ಆಮೇಲೆ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಸ್ಟೀರಿಂಗ್ ತಿರುಗಿಸಿ ಕೇಳಿ. ಸದ್ದು ಕಡಿಮೆಯಾದರೆ, ನೊರೆ ಇಳಿದರೆ ಗಾಳಿ ಹೋಗುತ್ತಿದ್ದದ್ದು ಅಲ್ಲಿಂದಲೇ. ಹೊಸ ಕ್ಲಿಪ್, ಹೊಸ ರಬ್ಬರ್ ಉಂಗುರ ಹಾಕಿ. ಪೈಪಿನ ತುದಿ ಗಟ್ಟಿಯಾಗಿದ್ದರೆ ಪೈಪೇ ಬದಲಿಸಿ. ಆದರೆ ಸಾದಾ ನೀರಿನ ಪೈಪ್ ತಂದು ಹಾಕಬೇಡಿ, ಆಯಿಲ್ ತಡೆಯುವ ರಬ್ಬರಿನದೇ ಬೇಕು.

ಇನ್ನೊಂದು ಕಾರಣ, ಡಬ್ಬಿಯ ತಳದ ಜಾಲರಿ. ಹಳೆಯ ಆಯಿಲಿನ ಕೊಳೆ ಅಲ್ಲಿ ಕೂತು ದಾರಿ ಕಟ್ಟುತ್ತದೆ. ಪಂಪ್ ಎಳೆಯುತ್ತದೆ, ಆಯಿಲ್ ಬರುವುದಿಲ್ಲ, ಕೂಗುತ್ತದೆ. ಡಬ್ಬಿ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಬೆಳಕಿಗೆ ಹಿಡಿದು ನೋಡಿ. ಬಯಲಿನಲ್ಲಿ, ಬೆಂಕಿಯಿಂದ ದೂರ ಈ ಕೆಲಸ ಮಾಡಿ. ಜಾಲರಿ ಕಾಣದ ಹಾಗೆ ಮುಚ್ಚಿದ ಡಬ್ಬಿಯಾದರೆ, ತೊಳೆದರೂ ಬಿಡದಿದ್ದರೆ ಹೊಸ ಡಬ್ಬಿ ಹಾಕುವುದೇ ಸರಿ.

ಹಳೆ ಆಯಿಲ್ ತೆಗೆದು, ಗಾಳಿ ಬಿಡಿಸುವುದು

ಇಡೀ ವ್ಯವಸ್ಥೆಯಲ್ಲಿ ಇರುವುದು ಸುಮಾರು ಒಂದು ಲೀಟರ್ ಆಯಿಲ್, ಕಾರಿನ ಮೇಲೆ ಸ್ವಲ್ಪ ಹೆಚ್ಚು ಕಡಿಮೆ. ತೊಳೆಯುವುದಕ್ಕೂ ಸೇರಿ ಎರಡು ಲೀಟರ್ ತಂದಿಟ್ಟುಕೊಳ್ಳಿ.

ಮನೆಯಲ್ಲಿ ಮಾಡಬಹುದಾದ ಸರಳ ದಾರಿ ಎಂದರೆ ದೊಡ್ಡ ಸಿರಿಂಜ್. ಅದರ ಬಾಯಿಗೆ ತೆಳು ಪೈಪ್ ಸಿಕ್ಕಿಸಿ ಡಬ್ಬಿಯಲ್ಲಿ ಇರುವುದನ್ನೆಲ್ಲ ಎಳೆದು ತೆಗೆಯಿರಿ, ಹೊಸದು ತುಂಬಿ, ಇಂಜಿನ್ ಸ್ಟಾರ್ಟ್ ಮಾಡಿ ಸ್ಟೀರಿಂಗನ್ನು ಎರಡೂ ಕಡೆ ಕೆಲವು ಸಲ ತಿರುಗಿಸಿ, ಆಫ್ ಮಾಡಿ. ಮತ್ತೆ ಎಳೆಯಿರಿ, ಮತ್ತೆ ತುಂಬಿ. ಆಯಿಲ್ ಸ್ವಚ್ಛ ಬಣ್ಣಕ್ಕೆ ಬರುವವರೆಗೆ ಹೀಗೇ. ಒಂದೇ ದಿನ ಮುಗಿಸಬೇಕೆಂದಿಲ್ಲ. ಕೆಲವು ದಿನ ಓಡಿಸಿ ಇನ್ನೊಂದು ಸಲ ಮಾಡಬಹುದು. ವಾಪಸ್ ಬರುವ ಪೈಪ್ ಬಿಚ್ಚಿ ಬಾಟಲಿಗೆ ಬಿಡುವ ದಾರಿ ಇನ್ನೂ ಚೆನ್ನಾಗಿ ತೊಳೆಯುತ್ತದೆ. ಆದರೆ ಡಬ್ಬಿ ಒಂದು ಕ್ಷಣ ಬರಿದಾದರೂ ಪಂಪ್ ಗಾಳಿ ನುಂಗುತ್ತದೆ. ಮೊದಲ ಸಲ ಮಾಡುವವರಿಗೆ ಸಿರಿಂಜೇ ಒಳ್ಳೆಯದು ಎನ್ನುತ್ತೇನೆ.

ಇನ್ನು ಗಾಳಿ ಬಿಡಿಸುವುದು. ಆಯಿಲ್ ಬದಲಿಸಿದ ಮೇಲೆ, ಯಾವುದೇ ಪೈಪ್ ಬಿಚ್ಚಿ ಹಾಕಿದ ಮೇಲೆ ಇದನ್ನು ಮಾಡಲೇಬೇಕು. ಮುಂದಿನ ಎರಡೂ ಚಕ್ರ ನೆಲ ಬಿಡುವಷ್ಟು ಜ್ಯಾಕ್ ಎತ್ತಿ, ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ. ಜ್ಯಾಕ್ ಒಂದನ್ನೇ ನಂಬಿ ಯಾರೂ ಕೆಳಗೆ ಹೋಗಬಾರದು, ಕಾರಿನ ಜೊತೆ ಬರುವ ಜ್ಯಾಕ್ ಟೈರ್ ಬದಲಿಸಲು ಮಾತ್ರ. ಡಬ್ಬಿಯನ್ನು ಮೇಲಿನ ಗೆರೆಗೆ ತುಂಬಿ. ಇಂಜಿನ್ ಆಫ್ ಇರಲಿ, ಇದು ಮುಖ್ಯ. ಈಗ ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಹದಿನೈದು ಇಪ್ಪತ್ತು ಸಲ ತಿರುಗಿಸಿ. ಗುಳ್ಳೆಗಳು ಡಬ್ಬಿಗೆ ಬರುವುದು ಕಣ್ಣಿಗೆ ಕಾಣುತ್ತದೆ. ಮಟ್ಟ ಇಳಿದಂತೆ ತುಂಬುತ್ತಿರಿ. ಗುಳ್ಳೆ ನಿಂತ ಮೇಲೆ ಇಂಜಿನ್ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಮತ್ತೆ ಕೆಲವು ಸಲ ತಿರುಗಿಸಿ. ತುದಿಯಲ್ಲಿ ಹಿಡಿದು ನಿಲ್ಲಿಸಬೇಡಿ. ಆಫ್ ಮಾಡಿ ಮಟ್ಟ ನೋಡಿ.

ನೊರೆ ಇನ್ನೂ ಇದ್ದರೆ ಗಾಬರಿ ಬೇಡ. ಮುಚ್ಚಳ ಸಡಿಲ ಬಿಟ್ಟು ಒಂದೆರಡು ಗಂಟೆ ಹಾಗೇ ಬಿಡಿ, ನೊರೆ ತಾನಾಗಿ ಇಳಿಯುತ್ತದೆ. ಆಮೇಲೆ ಇನ್ನೊಂದು ಸಲ ಮಾಡಿ. ಅವಸರಪಟ್ಟು ಇಂಜಿನ್ ಜೋರಾಗಿ ಓಡಿಸಿದರೆ ಗಾಳಿ ಆಯಿಲಿನಲ್ಲಿ ಇನ್ನಷ್ಟು ಕಡೆದುಕೊಂಡು ಬಿಡಿಸುವುದು ಕಷ್ಟವಾಗುತ್ತದೆ.

ತೆಗೆದ ಹಳೆಯ ಆಯಿಲನ್ನು ಚರಂಡಿಗೆ ಸುರಿಯಬೇಡಿ. ನಮ್ಮ ಮಳೆನೀರಿನ ಚರಂಡಿಗಳು ಕೊನೆಗೆ ಸೇರುವುದು ಬೆಳ್ಳಂದೂರು, ವರ್ತೂರಿನಂಥ ಕೆರೆಗಳನ್ನು, ಅವು ಈಗಾಗಲೇ ಪಡಬೇಕಾದಷ್ಟು ಪಟ್ಟಿವೆ. ಬಳಸಿದ ಆಯಿಲ್ ಕಾನೂನಿನ ಪ್ರಕಾರವೂ ಅಪಾಯಕಾರಿ ತ್ಯಾಜ್ಯ. ಬಾಟಲಿಯಲ್ಲಿ ತುಂಬಿ, ಹಳೆ ಇಂಜಿನ್ ಆಯಿಲ್ ಕೂಡಿಟ್ಟು ಮರುಬಳಕೆಗೆ ಕೊಡುವ ಗ್ಯಾರೇಜಿಗೆ ಕೊಡಿ.

ಬೆಲ್ಟ್

ಕೀಚ್ ಎನ್ನುವ ಸದ್ದಿಗೆ ಬೆಲ್ಟ್ ನೋಡಿ. ಇಂಜಿನ್ ಆಫ್ ಮಾಡಿ ಬೆಲ್ಟನ್ನು ತಿರುಚಿ ಒಳಮೈ ನೋಡಿ. ಬಿರುಕು, ಹರಿದ ಅಂಚು, ಗಾಜಿನಂತೆ ನುಣುಪಾದ ಹೊಳಪು, ಆಯಿಲ್ ಕಲೆ ಇವುಗಳಲ್ಲಿ ಯಾವುದಿದ್ದರೂ ಬದಲಿಸಿ. ಆಯಿಲ್ ಬಿದ್ದ ಬೆಲ್ಟ್ ಒರೆಸಿದರೂ ಜಾರುತ್ತದೆ. ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಹೊಸ ಬೆಲ್ಟ್ ಹಾಕಿ. ಹಳೆಯ ಕಾರುಗಳಲ್ಲಿ ಸ್ಟೀರಿಂಗ್ ಪಂಪಿಗೇ ಬೇರೆ ಬೆಲ್ಟ್ ಇದ್ದು, ಬೋಲ್ಟ್ ತಿರುಗಿಸಿ ಬಿಗಿ ಮಾಡಬಹುದು. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10 ಮಿಲಿಮೀಟರ್ ತಗ್ಗಬೇಕು ಎನ್ನುವುದು ಸಾಮಾನ್ಯ ಲೆಕ್ಕ. ನಿಮ್ಮ ಕಾರಿನ ಪುಸ್ತಕ ಬೇರೆ ಹೇಳಿದರೆ ಅದೇ ಸರಿ. ವಿಪರೀತ ಬಿಗಿ ಮಾಡಿದರೆ ಪಂಪಿನ ಬೇರಿಂಗ್ ಹೋಗುತ್ತದೆ. ಹೊಸ ಕಾರುಗಳಲ್ಲಿ ಒಂದೇ ಉದ್ದ ಬೆಲ್ಟ್, ತಾನೇ ಬಿಗಿ ಮಾಡಿಕೊಳ್ಳುವ ಟೆನ್ಷನರ್ ಇರುತ್ತದೆ. ಅದರ ಸ್ಪ್ರಿಂಗ್ ಸೋತರೆ ಟೆನ್ಷನರ್ ಬದಲಿಸಬೇಕು.

ನೀರಿನ ಪರೀಕ್ಷೆ ಬಹಳ ಉಪಯೋಗದ್ದು. ಇಂಜಿನ್ ಓಡುತ್ತಿರುವಾಗ ದೂರದಿಂದ ಸ್ಪ್ರೇ ಬಾಟಲಿಯಲ್ಲಿ ಬೆಲ್ಟಿನ ಒಳಮೈಗೆ ಸ್ವಲ್ಪ ನೀರು ಚಿಮುಕಿಸಿ. ಸದ್ದು ಜೋರಾದರೆ ಬೆಲ್ಟ್ ಸಡಿಲ. ಸದ್ದು ನಿಂತು, ಒಣಗಿದ ಮೇಲೆ ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ದುಪಟ್ಟಾ, ಸೆರಗು, ಪಂಚೆಯ ತುದಿ, ಕುತ್ತಿಗೆಯ ಸರ ಯಾವುದೂ ಬೆಲ್ಟಿನ ಹತ್ತಿರ ತೂಗಾಡಬಾರದು.

‘ಬೆಲ್ಟ್ ಡ್ರೆಸ್ಸಿಂಗ್’ ಎಂದು ಮಾರುವ ಸ್ಪ್ರೇ ನನಗಂತೂ ಬೇಡ. ಕೆಲವು ದಿನ ಸದ್ದು ಮುಚ್ಚುತ್ತದೆ, ಆಮೇಲೆ ಧೂಳು ಅಂಟಿಸಿಕೊಂಡು ಬೆಲ್ಟನ್ನು ಬೇಗ ಕೆಡಿಸುತ್ತದೆ.

ಪಂಪೇ ಹೋಗಿದೆ ಎಂದು ಹೇಗೆ ತಿಳಿಯುವುದು?

ಆಯಿಲ್ ಹೊಸದು, ಗಾಳಿ ಇಲ್ಲ, ಜಾಲರಿ ಸ್ವಚ್ಛ, ಬೆಲ್ಟ್ ಸರಿ. ಆದರೂ ಕೂಗುತ್ತಿದೆ ಅಂದರೆ ಈಗ ಪಂಪನ್ನು ಅನುಮಾನಿಸಬಹುದು. ಉದ್ದದ ಸ್ಕ್ರೂಡ್ರೈವರ್ ತುದಿಯನ್ನು ಪಂಪಿನ ಮೈಗೆ ತಾಗಿಸಿ, ಹಿಡಿಕೆಗೆ ಕಿವಿ ಕೊಡಿ. ಹಾಗೆಯೇ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಟೆನ್ಷನರ್, ಎಸಿ ಕಂಪ್ರೆಸರ್ ಮೈಗೂ ಒಂದೊಂದಾಗಿ ತಾಗಿಸಿ. ಪಂಪಿನದು ಎಂದುಕೊಂಡ ಸದ್ದು ಪಕ್ಕದ ಪುಲ್ಲಿಯ ಬೇರಿಂಗಿನದಾಗಿರುವುದು ಬಹಳ ಸಾಮಾನ್ಯ. ಪಂಪಿಗೆ ಬೇರೆ ಬೆಲ್ಟ್ ಇರುವ ಕಾರಾದರೆ ಅದನ್ನು ತೆಗೆದು ಒಂದರ್ಧ ನಿಮಿಷ ಇಂಜಿನ್ ಓಡಿಸಿ. ಸದ್ದು ಹೋದರೆ ಪಂಪಿನದೇ. ಇಂಜಿನ್ ಆಫ್ ಮಾಡಿ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, ಗರಗರ ಅಂದರೆ, ಅಲ್ಲಾಡಿದರೆ ಬೇರಿಂಗ್ ಹೋಗಿದೆ.

ಪಂಪಿನ ಶಾಫ್ಟ್ ಸೀಲ್ ಮಾತ್ರ ಹೋಗಿದ್ದರೆ ಸೀಲ್ ಕಿಟ್ ಹಾಕಿಸಬಹುದು. ಒಳಗಿನ ಬ್ಲೇಡುಗಳು, ಅವು ತಿರುಗುವ ಉಂಗುರ ಗೀರಿದ್ದರೆ ಕಿಟ್ ಹಾಕಿ ಪ್ರಯೋಜನವಿಲ್ಲ, ಪಂಪ್ ಬದಲಿಸಿ. ಬದಲಿಸುವಾಗ ಡಬ್ಬಿ ಮತ್ತು ಪೈಪುಗಳನ್ನು ತೊಳೆಸಿಯೇ ತೊಳೆಸಿ. ಹಳೆಯ ಪಂಪಿನ ಲೋಹದ ಪುಡಿ ಹೊಸದಕ್ಕೆ ಹೋದರೆ ಹಣ ನೀರಿಗೆ ಹಾಕಿದಂತೆ.

ಟಕ್ ಟಕ್, ಕಟ ಕಟ

ನಮ್ಮ ಹಂಪು ಗುಂಡಿಗಳು ಜಾಸ್ತಿ ಹಾಳುಮಾಡುವುದು ಈ ಭಾಗಗಳನ್ನೇ. ಮುಂದಿನ ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಟೈರಿನ ಎಡ ಬಲ ಹಿಡಿದು ಅಲ್ಲಾಡಿಸಿ. ಸಡಿಲ ಇದ್ದರೆ ಸ್ಟೀರಿಂಗನ್ನು ಚಕ್ರಕ್ಕೆ ಸೇರಿಸುವ ಕಡ್ಡಿಯ ತುದಿ, ಅಂದರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್ ಎಂಡ್. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಸಡಿಲ ಕಂಡರೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮ್‌ನ ಬಾಲ್ ಜಾಯಿಂಟ್ ಅಥವಾ ಚಕ್ರದ ಬೇರಿಂಗ್. ಇವು ಸದ್ದಿನ ಮಾತಲ್ಲ, ಜೀವದ ಮಾತು. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಹೊರಗೆ ವಾಲಿಬಿಡುತ್ತದೆ. ಮುಂದೂಡಬೇಡಿ.

ನಿಂತಲ್ಲೇ ತಿರುಗಿಸುವಾಗ ಮುಂದಿನ ಸಸ್ಪೆನ್ಷನ್ ಮೇಲ್ತುದಿಯಿಂದ ‘ಟಣ್’ ಎಂದು ಸ್ಪ್ರಿಂಗ್ ಚಿಮ್ಮಿದಂತೆ ಸದ್ದು ಬಂದರೆ ಸ್ಟ್ರಟ್ ಮೌಂಟಿನ ಬೇರಿಂಗ್. ಬಾನೆಟ್ ಎತ್ತಿ ಆ ಮೌಂಟ್ ಮೇಲೆ ಕೈಯಿಟ್ಟರೆ ಅದುರುವುದು ಗೊತ್ತಾಗುತ್ತದೆ. ಚಲಿಸುತ್ತ ಯೂ ಟರ್ನ್ ಹೊಡೆಯುವಾಗ ಮಾತ್ರ ‘ಕಟ ಕಟ ಕಟ’ ಬಂದರೆ ಚಕ್ರಕ್ಕೆ ಇಂಜಿನ್ನಿನ ಬಲ ಮುಟ್ಟಿಸುವ ಆಕ್ಸಲಿನ ಹೊರಗಿನ ಸಿವಿ ಜಾಯಿಂಟ್. ಒಳಗೆ, ನಿಮ್ಮ ಕಾಲಿನ ಹತ್ತಿರ ಟಕ್ ಅಂದರೆ ಸ್ಟೀರಿಂಗ್ ಕಂಬಿಯ ಕೆಳಗಿನ ಜಾಯಿಂಟ್. ಸ್ಟೀರಿಂಗ್ ಚಕ್ರದ ಹಿಂದೆಯೇ ಸರ್ ಸರ್ ಎಂದು ಉಜ್ಜಿದ ಸದ್ದು ಬಂದರೆ ಅಲ್ಲಿನ ಪ್ಲಾಸ್ಟಿಕ್ ಕವರ್ ಅಥವಾ ಹಾರ್ನ್ ಮತ್ತು ಏರ್‌ಬ್ಯಾಗ್ ವೈರಿನ ಸುರುಳಿ. ಏರ್‌ಬ್ಯಾಗ್ ಇರುವ ಚಕ್ರವನ್ನು ಮನೆಯಲ್ಲಿ ಬಿಚ್ಚಬೇಡಿ.

ಟೈ ರಾಡ್, ರ‍್ಯಾಕ್, ಲೋಯರ್ ಆರ್ಮ್ ಯಾವುದನ್ನು ಮುಟ್ಟಿದರೂ ವೀಲ್ ಅಲೈನ್‌ಮೆಂಟ್ ಮಾಡಿಸಿ, ಇಲ್ಲದಿದ್ದರೆ ಟೈರ್ ಒಂದು ಬದಿಗೆ ಸವೆಯುತ್ತದೆ.

ಎಲೆಕ್ಟ್ರಿಕ್ ಸ್ಟೀರಿಂಗ್ ಆದರೆ

ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಮೊದಲು ಬಂದದ್ದು 1988ರಲ್ಲಿ ಜಪಾನಿನ ಸುಜುಕಿ ಸರ್ವೊ ಎಂಬ ಪುಟ್ಟ ಕಾರಿನಲ್ಲಿ. ನಮ್ಮ ರಸ್ತೆಯ ಮಾರುತಿಗಳಲ್ಲೂ ಸ್ಟೀರಿಂಗ್ ಕಂಬಿಗೆ ಸೇರಿಸಿದ ಮೋಟರಿನ ಅದೇ ಬಗೆ ಹೆಚ್ಚು. ನಿಂತಲ್ಲಿ ತಿರುಗಿಸುವಾಗ ಮೆಲ್ಲಗೆ ‘ಝುಂ’ ಅನ್ನುವುದು ಮೋಟರಿನ ಸಹಜ ಸದ್ದು. ಗುಂಡಿ ರಸ್ತೆಯಲ್ಲಿ ಸ್ಟೀರಿಂಗ್ ಕೈಗೆ ಕಟಕಟ ಅಂದರೆ ಒಳಗಿನ ಗೇರು ಅಥವಾ ಕಂಬಿಯ ಜಾಯಿಂಟ್ ಸವೆದಿರಬಹುದು.

ಸ್ಟೀರಿಂಗ್ ಭಾರವಾಗಿ ಮೀಟರಿನಲ್ಲಿ ದೀಪ ಹತ್ತಿದರೆ ಮೊದಲು ಬ್ಯಾಟರಿ ನೋಡಿ. ಈ ಮೋಟರ್ ಪಾರ್ಕಿಂಗ್‌ನಲ್ಲಿ ಬಹಳ ಕರೆಂಟ್ ಎಳೆಯುತ್ತದೆ. ಬ್ಯಾಟರಿ ಸೋತಿದ್ದರೆ, ಟರ್ಮಿನಲ್ಲಿನಲ್ಲಿ ಬಿಳಿ ಪುಡಿ ಕಟ್ಟಿದ್ದರೆ ನೆರವು ನಿಲ್ಲುತ್ತದೆ. ಟರ್ಮಿನಲ್ ಉಜ್ಜಿ ಬಿಗಿ ಮಾಡಿದರೇ ಸರಿಹೋಗುವ ಪ್ರಸಂಗಗಳು ಎಷ್ಟೋ. ಇಕ್ಕಟ್ಟಿನಲ್ಲಿ ತುಂಬ ಹೊತ್ತು ಆ ಕಡೆ ಈ ಕಡೆ ತಿರುಗಿಸಿದರೆ ಮೋಟರ್ ಕಾದು ತಾನೇ ನೆರವು ಕಡಿಮೆ ಮಾಡಿಕೊಳ್ಳುತ್ತದೆ, ಆರಿದ ಮೇಲೆ ಮಾಮೂಲಿಗೆ ಬರುತ್ತದೆ. ದೀಪ ಉಳಿದೇ ಇದ್ದರೆ ಸ್ಕ್ಯಾನರ್ ಹಾಕಿ ಕೋಡ್ ಓದಿಸಬೇಕು. ಕೋಡ್ ನೋಡದೆ ಇಡೀ ಸ್ಟೀರಿಂಗ್ ಕಂಬಿ (ಕಾಲಮ್) ಬದಲಿಸಲು ಒಪ್ಪಬೇಡಿ.

ಯಾವಾಗ ಓಡಿಸಬಾರದು, ಗ್ಯಾರೇಜಿನಲ್ಲಿ ಏನು ಕೇಳಬೇಕು

ಹೈಡ್ರಾಲಿಕ್ ನೆರವು ನಿಂತರೂ ಸ್ಟೀರಿಂಗ್ ತಿರುಗುತ್ತದೆ, ಆದರೆ ಬಹಳ ಭಾರ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಒಮ್ಮೆಗೇ ಹೀಗಾದರೆ ಗಾಬರಿಯಾಗುತ್ತದೆ, ಎರಡೂ ಕೈಯಲ್ಲಿ ಬಲವಾಗಿ ಹಿಡಿದು ನಿಧಾನವಾಗಿ ಬದಿಗೆ ಬನ್ನಿ. ಒಂದೇ ಬೆಲ್ಟಿನ ಕಾರಿನಲ್ಲಿ ಪಂಪ್ ಜಾಮ್ ಆದರೆ ಬೆಲ್ಟ್ ಹರಿದು ಆಲ್ಟರ್ನೇಟರೂ, ಎಷ್ಟೋ ಕಾರುಗಳಲ್ಲಿ ವಾಟರ್ ಪಂಪೂ ನಿಲ್ಲುತ್ತವೆ, ಇಂಜಿನ್ ಕಾಯುತ್ತದೆ. ಹಾಗಾಗಿ ಆಯಿಲ್ ಧಾರಾಳವಾಗಿ ಸೋರುತ್ತಿದ್ದರೆ, ಸ್ಟೀರಿಂಗ್ ಒಮ್ಮೆ ಹಗುರ ಒಮ್ಮೆ ಭಾರ ಆಗುತ್ತಿದ್ದರೆ, ಚಕ್ರದಲ್ಲಿ ಸಡಿಲ ಕಂಡಿದ್ದರೆ ಗಾಡಿ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಿ.

ಗ್ಯಾರೇಜಿಗೆ ಹೋದಾಗ ‘ಸೌಂಡ್ ಬರ್ತಿದೆ, ನೋಡಿ’ ಎಂದಷ್ಟೇ ಹೇಳಿ ಕೀ ಕೊಟ್ಟು ಬರಬೇಡಿ. ‘ಬೆಳಿಗ್ಗೆ ಮಾತ್ರ ಬರುತ್ತೆ, ಆಯಿಲ್ ಬದಲಿಸಿದ್ದೀನಿ, ಡಬ್ಬಿಯಲ್ಲಿ ನೊರೆ ಇದೆ, ಬೂಟ್ ಒಣಗಿದೆ’ ಎಂದು ಹೇಳಿ. ಮೊಬೈಲಿನಲ್ಲಿ ಸದ್ದು ರೆಕಾರ್ಡ್ ಮಾಡಿ ಕೇಳಿಸಿ, ಏಕೆಂದರೆ ಅಲ್ಲಿಗೆ ಹೋದಾಗ ಸದ್ದು ಬಾರದೇ ಇರಬಹುದು. ಪಂಪ್ ಹೋಗಿದೆ ಎಂದರೆ, ಎಳೆಯುವ ಪೈಪು, ಜಾಲರಿ ನೋಡಿದ್ದಾರಾ ಎಂದು ಕೇಳಿ. ರ‍್ಯಾಕ್ ಹೋಗಿದೆ ಎಂದರೆ ಬೂಟ್ ಸರಿಸಿ ಆಯಿಲ್ ತೋರಿಸಲು ಹೇಳಿ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ಖುಷಿಯಿಂದಲೇ ತೋರಿಸುತ್ತಾನೆ.

ಬಿಡಿಭಾಗಕ್ಕೆ ಜೆ.ಸಿ. ರಸ್ತೆಯಲ್ಲಿ ಅಂಗಡಿಗಳ ಸಾಲೇ ಇದೆ. ಹಳೆಯ ಭಾಗವನ್ನು ಜೊತೆಗೆ ಒಯ್ಯಿರಿ, ಕಾರಿನ ಮಾಡೆಲ್, ವರ್ಷ, ಚಾಸಿಸ್ ನಂಬರ್ ಹೇಳಿ. ಒಂದೇ ಹೆಸರಿನ ಕಾರಿನಲ್ಲೂ ಪೆಟ್ರೋಲಿಗೊಂದು ಡೀಸೆಲ್‌ಗೊಂದು ಪಂಪ್ ಇರಬಹುದು. ಗುಜರಿಯಿಂದ ಬಂದ ಹಳೆ ರ‍್ಯಾಕ್, ಹಳೆ ಪಂಪ್ ಕಡಿಮೆ ದುಡ್ಡಿಗೆ ಸಿಗುತ್ತದೆ ನಿಜ. ಅಪಘಾತವಾದ ಗಾಡಿಯಿಂದ ಬಿಚ್ಚಿದ ರ‍್ಯಾಕ್ ಒಳಗೆ ಬಾಗಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ನಾನು ರ‍್ಯಾಕನ್ನು ಮಾತ್ರ ಗುಜರಿಯಿಂದ ತರಬೇಡಿ ಎನ್ನುತ್ತೇನೆ. ಬಿಲ್ ತೆಗೆದುಕೊಳ್ಳಿ, ಬದಲಿಸಿದ ಹಳೆ ಭಾಗ ವಾಪಸ್ ಕೇಳಿ. ಕೆಲಸ ಮುಗಿದ ಮೇಲೆ ಒಂದು ವಾರ ಬಿಟ್ಟು ಡಬ್ಬಿಯ ಮಟ್ಟ ಇನ್ನೊಮ್ಮೆ ನೋಡಿ. ಇಳಿದಿದ್ದರೆ ಜೋಡಣೆಯೊಂದು ಇನ್ನೂ ಸೋರುತ್ತಿದೆ, ವಾರಂಟಿ ಇರುವಾಗಲೇ ಗಾಡಿ ವಾಪಸ್ ಒಯ್ದು ತೋರಿಸಿ.